ನೆಲದಡಿಯ ಅನಿಲ ಕೊಳವೆ: ನಾವು ತಿಳಿದಿರಬೇಕಾದ ಕೆಲವು ಸಂಗತಿಗಳು

ಮುಂಬಯಿ, ಪುಣೆ, ದೆಹಲಿಗಳಲ್ಲಿ ನೆಲೆಸಿರುವ ಅನೇಕ ಕನ್ನಡ ಕುಟುಂಬಗಳ ಅಡುಗೆಮನೆಗೆ ಇಂದು ಅನಿಲವು ಸಿಲಿಂಡರಿನ ಬದಲು ಕೊಳವೆಯ ಮೂಲಕ ಬರುತ್ತಿದೆ. ಸಿಲಿಂಡರಿಗಾಗಿ ಕಾಯುವ ಕಷ್ಟ ತಪ್ಪಿತೆಂಬ ಸಮಾಧಾನದಲ್ಲಿ, ಆ ಕೊಳವೆ ಯಾರ ಮನೆ, ಯಾರ ಹೊಲದ ಅಡಿಯಿಂದ ಹಾದು ಬರುತ್ತದೆಂದು ನಾವು ವಿಚಾರಿಸುವುದು ಕಡಿಮೆ.

ನೈಸರ್ಗಿಕ ಅನಿಲದ ಬಹುಪಾಲು ಮೀಥೇನ್. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಗಾಳಿಯಲ್ಲಿ ಅದರ ಪ್ರಮಾಣ ಸುಮಾರು ಶೇ. 5ರಿಂದ 15ರಷ್ಟಿದ್ದರೆ ಹೊತ್ತಿಕೊಳ್ಳಲು ಒಂದು ಕಿಡಿ ಸಾಕು. ನಮಗೆ ಪರಿಚಿತವಾದ ದುರ್ವಾಸನೆ, ಸೋರಿಕೆ ತಿಳಿಯಲೆಂದೇ ಬೆರೆಸುವ ಮರ್‌ಕ್ಯಾಪ್ಟನ್ ಎಂಬ ಗಂಧಕಯುಕ್ತ ರಾಸಾಯನಿಕದ್ದು. 1937ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ ವಾಸನೆಯಿಲ್ಲದ ಅನಿಲ ಸೋರಿ, ಸ್ಫೋಟಗೊಂಡು, ಮಕ್ಕಳೂ ಶಿಕ್ಷಕರೂ ಸೇರಿ ಸುಮಾರು 300 ಮಂದಿ ಮಡಿದರು. ಆ ಬಳಿಕವೇ ಅಲ್ಲಿ ಈ ಪದ್ಧತಿ ಕಡ್ಡಾಯವಾಯಿತು. ನಮ್ಮ ನಗರಗಳಲ್ಲಿ ಮನೆಮನೆಗೆ ವಿತರಿಸುವ ಅನಿಲಕ್ಕೂ ವಾಸನೆ ಬೆರೆಸಲಾಗುತ್ತದೆ. ಆದರೆ ದೂರದ ಊರುಗಳಿಗೆ ಅಧಿಕ ಒತ್ತಡದಲ್ಲಿ ಅನಿಲ ಒಯ್ಯುವ ದೊಡ್ಡ ಮಾರ್ಗಗಳಲ್ಲಿ ಸಾಮಾನ್ಯವಾಗಿ ಈ ಎಚ್ಚರಿಕೆ ಇರುವುದಿಲ್ಲ.

ಅಂಥ ಮಾರ್ಗದ ಪಕ್ಕದಲ್ಲಿದ್ದ ಊರು ಆಂಧ್ರಪ್ರದೇಶದ ನಗರಂ. 2014ರ ಜೂನ್ 27ರ ಬೆಳಗಿನ ಜಾವ, ಅಂದಿನ ಪೂರ್ವ ಗೋದಾವರಿ ಜಿಲ್ಲೆಯ ಈ ಗ್ರಾಮದಲ್ಲಿ ಗೇಲ್ ಸಂಸ್ಥೆಯ 18 ಅಂಗುಲದ ಕೊಳವೆಯಿಂದ ಹೊಮ್ಮಿದ ಅನಿಲವು ಮನೆಗಳ ನಡುವೆ ಹರಡಿ ಹೊತ್ತಿಕೊಂಡಿತು. 20ಕ್ಕೂ ಹೆಚ್ಚು ಮಂದಿ ಅಸುನೀಗಿದರು. ಸುತ್ತಲಿನ ತೆಂಗಿನ ಮರಗಳು ಕರಕಲಾದವು. ಒಣ ಅನಿಲಕ್ಕೆಂದು ನಿರ್ಮಿಸಿದ ಕೊಳವೆಯಲ್ಲಿ ನೀರಿನಂಶವಿದ್ದ ಅನಿಲವನ್ನು ಹರಿಸಿದ್ದರಿಂದ ಅದು ಒಳಗಿನಿಂದಲೇ ತುಕ್ಕು ಹಿಡಿದು ಸವೆದಿತ್ತೆಂದು ತನಿಖೆಯಲ್ಲಿ ತಿಳಿದುಬಂತು. ಸೋರಿಕೆಯ ಕುರಿತು ಮೊದಲೇ ದೂರಿದ್ದೆವೆಂದು ಗ್ರಾಮಸ್ಥರು ಹೇಳಿದ್ದೂ ಪತ್ರಿಕೆಗಳಲ್ಲಿ ವರದಿಯಾಯಿತು. ಇಂಥ ಅನಾಹುತವನ್ನು ಹಣೆಬರಹಕ್ಕೆ ಹೊರಿಸಿ ಸುಮ್ಮನಾಗುವುದು ಸಲ್ಲದು ಎಂಬುದು ನಮ್ಮ ಅಭಿಪ್ರಾಯ.

ತವರು ನಾಡಿನಲ್ಲಿ ಜಮೀನು ಉಳ್ಳವರಿಗೂ ಇದು ದೂರದ ವಿಷಯವಲ್ಲ. 2013ರಲ್ಲಿ ಕಾರ್ಯಾರಂಭ ಮಾಡಿದ ದಾಭೋಲ್-ಬೆಂಗಳೂರು ಮಾರ್ಗವು ಬೆಳಗಾವಿ, ಧಾರವಾಡ, ದಾವಣಗೆರೆ, ಚಿತ್ರದುರ್ಗ, ತುಮಕೂರುಗಳ ಸೀಮೆಯನ್ನು ಹಾದು ಬರುತ್ತದೆ. 1962ರ ಕಾಯಿದೆಯಂತೆ ಕೊಳವೆ ಹಾದ ಪಟ್ಟಿಯ ಒಡೆತನ ರೈತನದೇ, ಬೇಸಾಯಕ್ಕೂ ಅಡ್ಡಿಯಿಲ್ಲ. ಆದರೆ ಅಲ್ಲಿ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಊರಿನ ಆಸ್ತಿಯನ್ನು ದೂರದಿಂದಲೇ ನೋಡಿಕೊಳ್ಳುವವರು, ಮನೆಯ ಅಡಿಪಾಯ ತೆಗೆಸುವ ಮುನ್ನ ಹೊಲದಂಚಿನ ಗುರುತುಕಲ್ಲುಗಳನ್ನೂ ಫಲಕಗಳನ್ನೂ ಒಮ್ಮೆ ನೋಡಿಸುವುದು ಒಳಿತು.

ನಗರದಲ್ಲಿ ದೊಡ್ಡ ಭಯ ಅಗೆತದ್ದು. ಒಂದು ಇಲಾಖೆ ಮುಚ್ಚಿದ ರಸ್ತೆಯನ್ನು ಮತ್ತೊಂದು ಇಲಾಖೆ ಅಗೆಯುವ ಸೊಬಗನ್ನು ಮಹಾನಗರದ ನಿವಾಸಿಗಳಿಗೆ ನಾವು ವಿವರಿಸಬೇಕಾಗಿಲ್ಲ. ನೆಲದಡಿಯ ಪ್ಲಾಸ್ಟಿಕ್ ಕೊಳವೆಗೆ ಜೆಸಿಬಿಯ ಒಂದು ಹಲ್ಲು ತಗುಲಿದರೂ ಸಾಕು. ಅಗೆಯುವವರು ಮುಂಚಿತವಾಗಿ ತಿಳಿಸಲೆಂದು ಕೇಂದ್ರ ಸರಕಾರವು 2023ರಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಮೊಬೈಲ್ ವ್ಯವಸ್ಥೆಯನ್ನು ಆರಂಭಿಸಿತು. ನಮ್ಮ ಹೌಸಿಂಗ್ ಸೊಸೈಟಿಯೊಳಗೆ ನೀರಿನ ಕೊಳವೆಗಾಗಿ ಅಗೆಯುವಾಗಲೂ ಅನಿಲ ಸಂಸ್ಥೆಗೆ ಮೊದಲೇ ತಿಳಿಸುವುದು ಅಗತ್ಯ.

ಅಡುಗೆಮನೆಯನ್ನು ಹೊಸದಾಗಿ ಅಲಂಕರಿಸುವಾಗ ಕೊಳವೆಯನ್ನು ಮರದ ಕಪಾಟಿನೊಳಗೆ ಅಡಗಿಸುವವರಿದ್ದಾರೆ. ಮೇಲಿನ ಗವಾಕ್ಷಿಯನ್ನು ಮುಚ್ಚುವವರೂ ಇದ್ದಾರೆ. ಸಿಲಿಂಡರಿನ ಅನಿಲ ಗಾಳಿಗಿಂತ ಭಾರವಾದ್ದರಿಂದ ನೆಲಮಟ್ಟದಲ್ಲಿ ನಿಲ್ಲುತ್ತದೆ. ಕೊಳವೆಯ ಅನಿಲ ಹಗುರವಾದ್ದರಿಂದ ಮೇಲೇರುತ್ತದೆ. ಅದು ಹೊರಹೋಗುವ ದಾರಿಯೇ ಆ ಗವಾಕ್ಷಿ. ವಾಸನೆ ಬಂದರೆ ದೀಪದ ಸ್ವಿಚ್ಚನ್ನಾಗಲಿ ಫ್ಯಾನಿನ ಸ್ವಿಚ್ಚನ್ನಾಗಲಿ ಮುಟ್ಟದೆ, ವಾಲ್ವ್ ಮುಚ್ಚಿ, ಕಿಟಕಿ ಬಾಗಿಲುಗಳನ್ನು ತೆರೆದು, ಎಲ್ಲರೂ ಹೊರಬಂದು, ಹೊರಗಿನಿಂದಲೇ ದೂರವಾಣಿ ಮಾಡಬೇಕು. ತುರ್ತು ಸಂಖ್ಯೆ ಅನಿಲದ ಬಿಲ್ಲಿನಲ್ಲಿ ಮುದ್ರಿತವಾಗಿರುತ್ತದೆ. ಅದನ್ನು ಬರೆದು ಬಾಗಿಲ ಬಳಿ ಅಂಟಿಸಿಟ್ಟರೆ ಮನೆಯಲ್ಲಿ ಒಂಟಿಯಾಗಿರುವ ಹಿರಿಯರಿಗೂ ಅನುಕೂಲ.