ಗೋಡೆ ಹಿಡಿದು ಓಡುವ ಬೆಳಕು

ಗೋಲಗುಮ್ಮಟದೊಳಗೆ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ್ದು ಎದುರುಬದಿಯವರಿಗೆ ಕೇಳುತ್ತದೆ. ಒಂದೇ ಒಂದು ಫ್ಲೂ ವೈರಸ್ಸನ್ನು ಬೆಳಕಿನಿಂದ ಗುರುತಿಸಬಹುದು. ಈ ಎರಡರ ಹಿಂದಿರುವ ಭೌತವಿಜ್ಞಾನ ಒಂದೇ. ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್ಲಿನ ಗ್ಯಾಲರಿಯಲ್ಲಿ ದನಿ ನಡುವಿನ ಬಯಲನ್ನು ಹಾಯುವುದಿಲ್ಲ, ಬಾಗಿದ ಗೋಡೆಗೆ ಅಂಟಿಕೊಂಡೇ ಸಾಗುತ್ತದೆ ಎಂಬುದನ್ನು ಲಾರ್ಡ್ ರ‍್ಯಾಲೆ 1910ರಲ್ಲಿ ಗಣಿತದಿಂದ ವಿವರಿಸಿದರು. 1921ರಲ್ಲಿ ಲಂಡನ್ನಿಗೆ ಹೋಗಿದ್ದ ಸಿ. ವಿ. ರಾಮನ್ ಅದೇ ಗ್ಯಾಲರಿಯಲ್ಲಿ ಅಳತೆ ಮಾಡಿದರು. ಗೋಡೆಯಿಂದ ಒಳಕ್ಕೆ ಸರಿದಂತೆ ದನಿ ಒಂದೇ ಸಮನೆ ಕುಗ್ಗುವುದಿಲ್ಲ, ಏರಿಳಿಯುತ್ತದೆ ಎಂದು ಕಂಡುಕೊಂಡರು. ಭಾರತದಲ್ಲಿ ಅವರು ಪರೀಕ್ಷಿಸಿದ ಇಂಥ ಕಟ್ಟಡಗಳಲ್ಲಿ ವಿಜಯಪುರದ ಗುಮ್ಮಟವೂ ಸೇರಿತ್ತು.

ದನಿಗೆ ಸಲ್ಲುವ ಈ ನಿಯಮ ಬೆಳಕಿಗೂ ಸಲ್ಲುತ್ತದೆ, ಗುಮ್ಮಟ ಮಾತ್ರ ತೀರಾ ಸಣ್ಣದಾಗಬೇಕು. ಗಾಜಿನ ಗೋಲದೊಳಗೆ ಹೊಕ್ಕ ಬೆಳಕು ಅಂಚಿನಿಂದ ಮತ್ತೆ ಮತ್ತೆ ಪ್ರತಿಫಲಿಸುತ್ತ ಸುತ್ತು ಹಾಕುತ್ತದೆ. ಸುತ್ತಳತೆಯಲ್ಲಿ ತರಂಗಗಳು ಪೂರ್ಣಸಂಖ್ಯೆಯಲ್ಲಿ ಕೂಡಿ ಬಂದರೆ ಅನುರಣನ. ಮಾಸ್ಕೋದಲ್ಲಿ ಬ್ರಾಗಿನ್ಸ್ಕಿ, ಗೊರೊಡೆಟ್ಸ್ಕಿ ಮತ್ತು ಇಲ್ಚೆಂಕೊ 1989ರಲ್ಲಿ ಸಿಲಿಕಾ ಗೋಲಗಳಲ್ಲಿ ಈ ಅನುರಣನ ಎಷ್ಟು ನಿಖರವಾಗಿರಬಲ್ಲದೆಂದು ತೋರಿಸಿದರು. ಗೋಲ ಮಾಡುವುದೇನೂ ಕಷ್ಟವಲ್ಲ. ಆಪ್ಟಿಕಲ್ ಫೈಬರಿನ ತುದಿಯನ್ನು ಉರಿಗೆ ಹಿಡಿದು ಕರಗಿಸಿದರೆ ಮೇಲ್ಮೈ ಸೆಳೆತವೇ ಅದನ್ನು ಉಂಡೆಯಾಗಿಸುತ್ತದೆ. ಯಾವ ಲೇತೂ ಅಷ್ಟು ನಯ ಕೊಡಲಾರದು.

ಇಂಥ ಗೋಲಗಳು ಮುಂದೆ ಪ್ರೋಟೀನ್ ಅಣುಗಳನ್ನು ಗುರುತಿಸುವ ಸಾಧನಗಳಾದವು. ಬೆಳಕಿನಿಂದ ಪ್ರೋಟೀನ್ ಹಿಡಿಯುವುದು ಆ ಹೊತ್ತಿಗೆ ಹೊಸತಾಗಿರಲಿಲ್ಲ. ಸ್ವೀಡನ್ನಿನ ಲಿನ್‌ಶಾಪಿಂಗ್‌ನ ಸಂಶೋಧಕರು 1983ರಲ್ಲೇ ತೆಳು ಲೋಹದ ಪದರಕ್ಕೆ ಪ್ರತಿಕಾಯಗಳು ಅಂಟುವುದನ್ನು ಬೆಳಕಿನಿಂದ ಅಳೆದಿದ್ದರು. ಅದರಿಂದ ಹುಟ್ಟಿದ ಬಿಯಾಕೋರ್ ಯಂತ್ರ 1990ರಲ್ಲಿ ಮಾರುಕಟ್ಟೆಗೆ ಬಂದು ಔಷಧ ಕಂಪನಿಗಳ ಪ್ರಯೋಗಾಲಯಗಳಲ್ಲಿ ನೆಲೆಯೂರಿತು. ಆದರೆ ಅದು ಕೊಡುವುದು ಲೆಕ್ಕವಿಲ್ಲದಷ್ಟು ಅಣುಗಳ ಸರಾಸರಿ. ಒಂಟಿ ಅಣುವಿನ ಸುದ್ದಿ ಅದರಲ್ಲಿ ಕರಗಿಹೋಗುತ್ತದೆ.

ಫ್ರಾಂಕ್ ವೋಲ್ಮರ್ ಹೆಸರು ಈ ಕ್ಷೇತ್ರದಲ್ಲಿ ಕಾಣಿಸಿಕೊಂಡದ್ದು 2002ರಲ್ಲಿ. ನ್ಯೂಯಾರ್ಕಿನಲ್ಲಿ ಸ್ಟೀವನ್ ಆರ್ನಾಲ್ಡ್ ಮೊದಲಾದವರ ಜತೆ ಅವರು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟಿರುವ ಗಾಜಿನ ಗೋಲವನ್ನು ನೀರಲ್ಲಿಟ್ಟು, ಪ್ರೋಟೀನ್ ಅಂಟಿದಾಗ ಅನುರಣನದ ತರಂಗಾಂತರ ಸರಿಯುವುದನ್ನು ತೋರಿಸಿದರು. ಗೋಲದಿಂದ ಸ್ವಲ್ಪವೇ ಬೆಳಕು ಹೊರಕ್ಕೆ ಚಾಚಿರುತ್ತದೆ. ಅಲ್ಲಿಗೆ ಅಣು ಬಂದು ಕೂತರೆ ಬೆಳಕಿನ ದಾರಿ ಕೊಂಚ ಉದ್ದವಾದಂತೆ. ಮೃದಂಗದ ಎಡಕ್ಕೆ ರವೆ ಮೆತ್ತಿದರೆ ಶ್ರುತಿ ಇಳಿಯುತ್ತದಲ್ಲ, ಇದೂ ಹಾಗೆಯೇ. ಆದರೆ 2002ರ ಪ್ರಯೋಗ ಅಳೆದದ್ದೂ ಒಂಟಿ ಅಣುವನ್ನಲ್ಲ, ಅಣುಗಳ ಪದರವನ್ನೇ. 2008ರಲ್ಲಿ ಗೋಲವನ್ನು ಇನ್ನಷ್ಟು ಕಿರಿದಾಗಿಸಿ ಇನ್‌ಫ್ಲುಯೆನ್ಸಾ ವೈರಸ್ ಇರುವ ದ್ರವದಲ್ಲಿ ಇಟ್ಟಾಗ, ಗ್ರಾಫಿನ ಗೆರೆ ನುಣ್ಣಗೆ ಏರದೆ ಮೆಟ್ಟಿಲು ಮೆಟ್ಟಿಲಾಗಿ ಏರಿತು. ಒಂದು ಮೆಟ್ಟಿಲೆಂದರೆ ಒಂದು ವೈರಸ್. ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯಂತ ಚೆಂದದ ಚಿತ್ರ ಅದೇ. ನೋಡಿದವರು ಎಣಿಸಿಕೊಳ್ಳಬಹುದು, ನಂಬಿ ಎಂದು ಯಾರೂ ಗೋಗರೆಯಬೇಕಿಲ್ಲ.

ಅದಕ್ಕೆ ಒಂದು ವರ್ಷ ಮೊದಲು, 2007ರಲ್ಲಿ, ಕ್ಯಾಲಿಫೋರ್ನಿಯಾದ ತಂಡವೊಂದು ಬಳೆಯಾಕಾರದ ಗಾಜಿನ ಸಾಧನದಲ್ಲಿ ಒಂಟಿ ಪ್ರೋಟೀನ್ ಅಣುವನ್ನೇ ಕಂಡೆವು ಎಂದಿತ್ತು. ಅಣು ಬೆಳಕನ್ನು ಹೀರಿ ಬಿಸಿಯಾಗುವುದರಿಂದ ಅಷ್ಟು ದೊಡ್ಡ ಸಂಕೇತ ಸಿಗುತ್ತದೆ ಎಂಬುದು ಅವರ ವಿವರಣೆ. ಆರ್ನಾಲ್ಡ್ ಮತ್ತು ಸಂಗಡಿಗರು 2010ರಲ್ಲಿ ಲೆಕ್ಕ ಹಾಕಿ, ಆ ಬಿಸಿ ಏನೇನೂ ಸಾಲದು ಎಂದರು. ಈ ಜಗಳದಿಂದ ಒಳ್ಳೆಯದೇ ಆಯಿತು: ಬರಿಯ ಗಾಜಿಗೆ ಮಿತಿಯಿದೆ, ಒಂಟಿ ಅಣುವನ್ನು ಕಾಣಲು ಬೇರೆ ಆಸರೆ ಬೇಕು ಎಂಬುದು ಸ್ಪಷ್ಟವಾಯಿತು.

ಆಸರೆಯಾಗಿ ಒದಗಿದ್ದು ಚಿನ್ನ. ಜರ್ಮನಿಯ ಎರ್ಲಾಂಗೆನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಮಾರ್ಟಿನ್ ಬಾಸ್ಕೆ, ಮ್ಯಾಥ್ಯೂ ಫೋರ್‌ಮನ್ ಜತೆ ವೋಲ್ಮರ್ ಗೋಲದ ಮೈಗೆ ಕೆಲವೇ ಹತ್ತು ನ್ಯಾನೊಮೀಟರ್ ಉದ್ದದ ಚಿನ್ನದ ಕಡ್ಡಿಗಳನ್ನು ಅಂಟಿಸಿದರು. ಕಡ್ಡಿಯ ತುದಿಯಲ್ಲಿ ಬೆಳಕಿನ ಕ್ಷೇತ್ರ ದಟ್ಟವಾಗುತ್ತದೆ. ಅಲ್ಲಿ ಡಿಎನ್‌ಎ ತುಣುಕೊಂದು ತನ್ನ ಜೋಡಿಗೆ ಅಂಟುವುದು, ಬಿಡುವುದು 2014ರಲ್ಲಿ ಕಾಣಿಸಿತು. 2016ರಲ್ಲಿ ನೀರಿನಲ್ಲಿರುವ ಸತು, ಪಾದರಸದ ಒಂಟಿ ಅಯಾನುಗಳೂ ಸಿಕ್ಕವು.

ಇಷ್ಟಾದರೂ ಆಸ್ಪತ್ರೆಯ ಮೇಜಿಗೆ ಬರುವ ದಾರಿ ದೂರವೇ. ದ್ರವ ಒಂದು ಡಿಗ್ರಿಯ ಚೂರುಪಾರು ಬೆಚ್ಚಗಾದರೂ ತರಂಗಾಂತರ ಸರಿಯುತ್ತದೆ. ಅದನ್ನು ಅಣುವಿನ ಗುರುತಿನಿಂದ ಬೇರ್ಪಡಿಸಬೇಕು. ಗೋಲಕ್ಕೆ ಏನೋ ಕೂತಿತು ಎಂದಷ್ಟೇ ತಿಳಿಯುತ್ತದೆ, ಯಾವುದು ಕೂತಿತೆಂದು ತಿಳಿಯುವುದಿಲ್ಲ. ಅದಕ್ಕಾಗಿ ಮೈಗೆ ಪ್ರತಿಕಾಯ ಹಚ್ಚಬೇಕು, ರಕ್ತದಲ್ಲಿರುವ ಬೇರೆ ಪ್ರೋಟೀನ್‌ಗಳು ಬಂದು ಮೆತ್ತಿಕೊಳ್ಳದಂತೆ ತಡೆಯಲೂ ಬೇಕು. ಪತ್ರಿಕೆಗಳು ಇದನ್ನು ರೋಗಪತ್ತೆಯ ಕಿಟ್ ಎಂದು ಹೊಗಳುವುದುಂಟು. ನನಗೆ ಕಾಣುವಂತೆ ಇದರ ಸತ್ವ ಇರುವುದು ಅಣುಗಳ ಚಲನೆಯನ್ನು ನೋಡುವ ಸೂಕ್ಷ್ಮದರ್ಶಕವಾಗಿ. 2017ರಲ್ಲಿ ವೋಲ್ಮರ್ ತಂಡ ಚಿನ್ನದ ಕಡ್ಡಿಗೆ ಡಿಎನ್‌ಎ ಪಾಲಿಮರೇಸ್ ಎಂಬ ಕಿಣ್ವವನ್ನು ಕಟ್ಟಿ, ಕೆಲಸದ ನಡುವೆ ಅದು ಆಕಾರ ಬದಲಿಸುವುದನ್ನು ಯಾವ ಬಣ್ಣವನ್ನೂ ಹಚ್ಚದೆ ದಾಖಲಿಸಿತು.