ಕಪ್ಪೆಯ ಕಾಲೂ ಅಮ್ಮನ ಫೋನೂ

ನಮ್ಮ ಮಲೆನಾಡಿನ ಹಳ್ಳಿಗಳಲ್ಲಿ ಬ್ಯಾಟರಿ ಎಂದರೆ ಟಾರ್ಚು. ಅದರೊಳಗೆ ಹಾಕುವುದು ಸೆಲ್ಲು. "ಬ್ಯಾಟರಿ ತಗೊಂಡು ಹೋಗು, ದಾರಿಯಲ್ಲಿ ಹುಳ ಹುಪ್ಪಟೆ ಇರುತ್ತೆ" ಎಂದು ಅಮ್ಮ ಎಚ್ಚರಿಸದೆ ಸಂಜೆಯ ಮೇಲೆ ನಾವು ಅಂಗಳ ದಾಟುವಂತಿರಲಿಲ್ಲ. ಅಪ್ಪನ ಮೂರು ಸೆಲ್ಲಿನ ಬ್ಯಾಟರಿಯ ಬೆಳಕು ಹಳದಿಗೆ ತಿರುಗಿತೆಂದರೆ ಮರುದಿನ ಸೆಲ್ಲುಗಳೆಲ್ಲ ಹೊರಗೆ ಬಂದು, ಹಪ್ಪಳ ಸಂಡಿಗೆಗಳ ಪಕ್ಕದಲ್ಲಿ ಬಿಸಿಲಿಗೆ ಬೀಳುತ್ತಿದ್ದವು. ಸಂಜೆ ಅವನ್ನು ಮತ್ತೆ ಹಾಕಿದರೆ ಇನ್ನೆರಡು ದಿನ ದೀಪ ಉರಿಯುತ್ತಿತ್ತು. ಬಿಸಿಲಿನ ಕಾವಿಗೆ ಒಳಗಿನ ರಾಸಾಯನಿಕ ಕ್ರಿಯೆ ಒಂದಿಷ್ಟು ಚುರುಕಾಗುತ್ತಿತ್ತು ಎಂಬುದು ನನಗೆ ಎಷ್ಟೋ ವರ್ಷಗಳ ಮೇಲೆ ತಿಳಿಯಿತು. ಆಗ ನಮಗೆ ತಿಳಿದಿದ್ದು ಇಷ್ಟೆ: ಸೆಲ್ಲು ಸೋತರೆ ಬಿಸಿಲಿಗೆ ಇಡಬೇಕು.

ಈ ಹಳೆಯ ಪಾಠ ಮೊನ್ನೆ ಮೊನ್ನೆ ನಮ್ಮ ಮನೆಯಲ್ಲಿ ಹೇಗೆ ತಿರುಗಿಬಿತ್ತು ಎಂಬುದನ್ನು ಹೇಳಬೇಕಾಗಿದೆ.

ಬೆಂಗಳೂರಿನಲ್ಲಿರುವ ನನ್ನ ಮಗ ಹೋದ ವರ್ಷ ತನ್ನ ಅಜ್ಜಿಗೆ ಹೊಸ ಸ್ಮಾರ್ಟ್‌ಫೋನು ಕೊಡಿಸಿದ. ಅಜ್ಜಿ ಹಳ್ಳಿಯ ಮನೆಯಲ್ಲಿ ಒಬ್ಬರೇ ಇರುವವರು, ಮುಖ ನೋಡಿಕೊಂಡು ಮಾತನಾಡಲಿ ಎಂಬುದು ಅವನ ಆಸೆ. 5000 ಮಿಲಿ ಆಂಪಿಯರ್ ಗಂಟೆಯ ಬ್ಯಾಟರಿ, ಎರಡು ದಿನಕ್ಕೆ ಚಿಂತೆಯಿಲ್ಲ ಎಂದ. ಆದರೆ ಬೆಳಿಗ್ಗೆ ಆರಕ್ಕೆ ಪೂರ್ತಿ ತುಂಬಿದ್ದ ಫೋನು ಮಧ್ಯಾಹ್ನದ ಊಟದ ಹೊತ್ತಿಗೆ ಕಣ್ಣು ಮುಚ್ಚುತ್ತಿತ್ತು. ಅಂಗಡಿಯ ಹುಡುಗನನ್ನು ಕೇಳಿದರೆ, "ಮೊದಲನೇ ದಿನ ಎಂಟು ಗಂಟೆ ಚಾರ್ಜ್ ಮಾಡಬೇಕಿತ್ತು, ನೀವು ಮಾಡಲಿಲ್ಲ. ಬ್ಯಾಟರಿ ಹಾಳಾಗಿದೆ" ಎಂದು ತೀರ್ಪು ಕೊಟ್ಟ. ನಾನೂ ಒಂದು ತೀರ್ಪು ಕೊಟ್ಟೆ. "ಇಡೀ ದಿನ ವಿಡಿಯೋ ನೋಡ್ತಾ ಕೂತರೆ ಚಾರ್ಜು ಉಳಿಯೋದು ಹೇಗಮ್ಮಾ?" ಎಂದು ರೇಗಿದೆ. ಒಂದು ಸಲವಲ್ಲ, ಮೂರು ನಾಲ್ಕು ಸಲ.

ಅಮ್ಮ ಎದುರಾಡಲಿಲ್ಲ. ಫೋನನ್ನು ಆಫ್ ಮಾಡಿಟ್ಟು, ಬೇಕೆನಿಸಿದಾಗ ಮಾತ್ರ ಹಚ್ಚಿಕೊಳ್ಳತೊಡಗಿದರು. ನನಗದು ಗೊತ್ತಿರಲಿಲ್ಲ.

ದಸರಾ ರಜೆಗೆ ಎರಡು ದಿನ ಮುಂಚೆ ರಾತ್ರಿ ಎಂಟಕ್ಕೆ ಬರಬೇಕಾದ ಫೋನು ಬರಲಿಲ್ಲ. ನಾನು ಮಾಡಿದರೆ ಸ್ವಿಚ್ ಆಫ್. ಮತ್ತೆ ಚಾರ್ಜು ಮುಗಿಸಿಕೊಂಡಿದ್ದಾರೆ ಎಂದು ಗೊಣಗಿ ಮಲಗಿದೆ. ಬೆಳಿಗ್ಗೆ ಹಾಲು ಕರೆಯಲು ಬರುವ ಹೆಂಗಸು ತನ್ನ ಫೋನಿನಿಂದ ಮಾತನಾಡಿದಳು. ಬಚ್ಚಲಿನ ಹೊರಗಿನ ಪಾಚಿಗಟ್ಟಿದ ಮೆಟ್ಟಿಲಲ್ಲಿ ಅಮ್ಮ ಜಾರಿ, ಪಾದ ಉಳುಕಿ, ತೆವಳಿಕೊಂಡು ಒಳಗೆ ಬಂದು ಜಗಲಿಯ ಮೇಲೆಯೇ ರಾತ್ರಿ ಕಳೆದಿದ್ದರು. ಫೋನು ಉಪ್ಪರಿಗೆಯ ಕಿಟಕಿಯಲ್ಲಿತ್ತು. ಮೊದಲ ಬಸ್ಸಿಗೆ ಹೋದೆ. ಮೂಳೆ ಮುರಿದಿರಲಿಲ್ಲ, ಅದೊಂದು ಪುಣ್ಯ. "ಫೋನು ಜತೆಗಿಟ್ಟುಕೊಳ್ಳಬಾರದಾ?" ಎಂದೆ. "ಹಚ್ಚಿಟ್ಟರೆ ಖಾಲಿಯಾಗುತ್ತೆ, ನೀ ಬೈತೀಯ ಕಣೇ. ಅದಕ್ಕೇ ಆರಿಸಿ ಬಿಸಿಲು ಬರೋ ಕಡೆ ಇಟ್ಟಿದ್ದೆ" ಎಂದರು. ಅಪ್ಪನ ಸೆಲ್ಲುಗಳ ಹಾಗೆ!

ಆ ಮಾತು ಕೇಳಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ರಜೆಯನ್ನು ಅಲ್ಲಿಯೇ ಕಳೆದು ಈ ಫೋನಿನ ರೋಗ ಯಾವುದೆಂದು ಕಂಡುಹಿಡಿಯಲೇಬೇಕೆಂದು ನಿರ್ಧರಿಸಿದೆ. ನಾನು ಸಮಾಜ ವಿಜ್ಞಾನ ಪಾಠ ಮಾಡುವವಳು, ಯಂತ್ರಗಳ ಒಳಮರ್ಮ ನನಗೆ ತಿಳಿಯದು. ಆದರೆ ಇತಿಹಾಸದಲ್ಲಿ ಒಂದು ಕಥೆ ಗೊತ್ತಿತ್ತು. ತಪ್ಪು ಯಾರದೆಂದು ಹುಡುಕುವ ಬಗೆಯನ್ನು ಆ ಕಥೆಯೇ ಹೇಳಿಕೊಟ್ಟಿತು.

ಇಟಲಿಯ ಬೊಲೊನ್ಯಾ ನಗರದಲ್ಲಿ ಲುಯಿಜಿ ಗಾಲ್ವಾನಿ ಎಂಬ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕನಿದ್ದ. ಅವನ ಹೆಂಡತಿ ಲೂಸಿಯಾ ಕೂಡ ಪ್ರಾಧ್ಯಾಪಕರೊಬ್ಬರ ಮಗಳು. ಗಂಡನ ಪ್ರಯೋಗಗಳಲ್ಲಿ ಜತೆಗಾರ್ತಿ. 1780ರ ದಶಕದಲ್ಲಿ ಗಾಲ್ವಾನಿ ಕೊಯ್ದ ಕಪ್ಪೆಯ ಕಾಲುಗಳನ್ನು ಹಿತ್ತಾಳೆಯ ಕೊಕ್ಕೆಗೆ ಸಿಕ್ಕಿಸಿ ಕಬ್ಬಿಣದ ಕಂಬಿಗೆ ತೂಗುಹಾಕಿದಾಗ, ಸತ್ತ ಕಪ್ಪೆಯ ಕಾಲು ಬದುಕಿದ್ದಂತೆ ಒದ್ದುಕೊಂಡಿತು. ಕಾಲು ಅಲುಗಿದ್ದರಿಂದ ವಿದ್ಯುತ್ತು ಆ ಕಾಲಿನಲ್ಲಿಯೇ ಇರಬೇಕು ಎಂದು ಅವನು ತೀರ್ಮಾನಿಸಿದ. 'ಪ್ರಾಣಿವಿದ್ಯುತ್ತು' ಎಂದು ಹೆಸರಿಟ್ಟು 1791ರಲ್ಲಿ ಪ್ರಕಟಿಸಿದ.

ಪವೀಯಾದ ಪ್ರಾಧ್ಯಾಪಕ ಅಲೆಸ್ಸಾಂಡ್ರೊ ವೋಲ್ಟಾ ಮೊದಲು ಇದನ್ನು ಒಪ್ಪಿದ. ಆಮೇಲೆ ಅವನಿಗೆ ಅನುಮಾನ ಬಂತು. ಕೊಕ್ಕೆ ಒಂದು ಲೋಹ, ಕಂಬಿ ಇನ್ನೊಂದು ಲೋಹ, ನಡುವೆ ಒದ್ದೆಯಾದ ಮಾಂಸ. ಕಪ್ಪೆಯನ್ನೇ ತೆಗೆದುಬಿಟ್ಟರೆ? ಅವನು ಸತುವಿನ ಬಿಲ್ಲೆ, ಬೆಳ್ಳಿಯ ಬಿಲ್ಲೆ, ನಡುವೆ ಉಪ್ಪುನೀರಿನಲ್ಲಿ ನೆನೆಸಿದ ರಟ್ಟು, ಹೀಗೆ ದೋಸೆ ಪೇರಿಸಿದಂತೆ ಒಂದರ ಮೇಲೊಂದು ಪೇರಿಸಿದ. ಕಪ್ಪೆಯಿಲ್ಲದೆಯೇ ವಿದ್ಯುತ್ತು ಹರಿಯಿತು. 1800ರ ಮಾರ್ಚಿಯಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಇದನ್ನು ವಿವರಿಸಿ ಕಾಗದ ಬರೆದ. ಲೋಕದ ಮೊದಲ ಬ್ಯಾಟರಿ ಹುಟ್ಟಿದ್ದು ಹಾಗೆ. ಮರುವರ್ಷ ಪ್ಯಾರಿಸ್ಸಿನಲ್ಲಿ ನೆಪೋಲಿಯನ್ನನ ಎದುರಿಗೆ ಅದನ್ನು ತೋರಿಸಿ ಚಿನ್ನದ ಪದಕ ಪಡೆದ. ಅದೇ ನೆಪೋಲಿಯನ್ ಉತ್ತರ ಇಟಲಿಯಲ್ಲಿ ಸ್ಥಾಪಿಸಿದ ಗಣರಾಜ್ಯಕ್ಕೆ ನಿಷ್ಠೆಯ ಪ್ರಮಾಣ ಮಾಡಲು ಒಪ್ಪದೆ ಗಾಲ್ವಾನಿ ಕೆಲಸ ಕಳೆದುಕೊಂಡ. 1798ರಲ್ಲಿ ತೀರಿಹೋದ ಅವನು ಮೊದಲ ಬ್ಯಾಟರಿಯನ್ನು ಕಾಣಲಿಲ್ಲ. ಅವನ ಮಾತೂ ಪೂರ್ತಿ ಸುಳ್ಳಾಗಿರಲಿಲ್ಲವೆನ್ನಿ. ಇಂದು ಆಸ್ಪತ್ರೆಯಲ್ಲಿ ನಮ್ಮ ಎದೆಬಡಿತವನ್ನು ಕಾಗದದ ಮೇಲೆ ಮೂಡಿಸುವುದು ದೇಹದೊಳಗಿನ ವಿದ್ಯುತ್ತಿನಿಂದಲೇ. ಆದರೆ ಕಂಬಿಯ ಮೇಲಿನ ಆ ಒದೆತದ ಕಾರಣ ಕಪ್ಪೆಯಲ್ಲಿರಲಿಲ್ಲ.

ಅಲುಗಿದ್ದು ಕಾಲು, ಕಾರಣ ಬೇರೆ ಕಡೆ. ಹಾಗೆಯೇ ಖಾಲಿಯಾಗುತ್ತಿದ್ದುದು ಬ್ಯಾಟರಿ, ಕಾರಣವೂ ಬ್ಯಾಟರಿಯೇ ಎಂದೇಕೆ ತಿಳಿಯಬೇಕು? ನಾನೂ ವೋಲ್ಟಾನಂತೆ ಒಂದೊಂದನ್ನೇ ತೆಗೆದು ನೋಡುವುದೆಂದು ಹಳೆಯ ನೋಟ್‌ಬುಕ್ಕೊಂದನ್ನು ಹಿಡಿದು ಕುಳಿತೆ.

ಮೊದಲ ರಾತ್ರಿ ಏನನ್ನೂ ಮುಟ್ಟಲಿಲ್ಲ. ಒಂಬತ್ತಕ್ಕೆ 100 ಇದ್ದದ್ದು ಬೆಳಿಗ್ಗೆ ಐದಕ್ಕೆ 58. ಅಮ್ಮನೂ ಮಲಗಿದ್ದರು, ನಾನೂ ಮಲಗಿದ್ದೆ. ಯಾವ ವಿಡಿಯೋವನ್ನೂ ಯಾರೂ ನೋಡಿರಲಿಲ್ಲ! ಎರಡನೆಯ ರಾತ್ರಿ ವಿಮಾನದ ಚಿತ್ರವಿರುವ ಗುಂಡಿಯನ್ನು ಒತ್ತಿಟ್ಟೆ. ಅದನ್ನು ಒತ್ತಿದರೆ ಫೋನು ಹೊರಜಗತ್ತಿನೊಡನೆ ಮಾತು ಬಿಡುತ್ತದೆ. ಬೆಳಿಗ್ಗೆ ನೋಡಿದರೆ 98. ಅಂದರೆ ಬ್ಯಾಟರಿ ಗಟ್ಟಿಯಾಗಿಯೇ ಇತ್ತು. ಒಳಗಿನದನ್ನು ಖಾಲಿಮಾಡುತ್ತಿದ್ದುದು ಹೊರಗಿನೊಡನೆ ನಡೆಯುತ್ತಿದ್ದ ವ್ಯವಹಾರ.

ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿಯ ಪುಟವನ್ನು ತೆರೆದೆ. ಮನೆಯ ಖರ್ಚು ಬರೆದಿಡುವ ಪುಸ್ತಕದಂತೆ, ಯಾವುದು ಎಷ್ಟು ತಿಂದಿತೆಂಬ ಲೆಕ್ಕ ಅಲ್ಲಿರುತ್ತದೆ. ನಾನು ಬೈದಿದ್ದ ವಿಡಿಯೋದ ಪಾಲು ನೂರಕ್ಕೆ ನಾಲ್ಕು. ಮೇಲಿದ್ದವು ಎರಡು ಹೆಸರು: ಫೋಟೋ ಇಡುವ ಆಪ್, ಮತ್ತು ಮೊಬೈಲ್ ನೆಟ್‌ವರ್ಕ್.

ಫೋಟೋದ ಕಥೆ ಹೀಗೆ. ಮಗ ಹಳೆಯ ಫೋನಿನ ಸಾವಿರಾರು ಚಿತ್ರಗಳನ್ನು ಹೊಸದಕ್ಕೆ ತುಂಬಿ, ಎಲ್ಲದರ ಪ್ರತಿಯೂ ಇಂಟರ್ನೆಟ್ಟಿನ ಮೂಲಕ ಹೊರಗೆ ಉಳಿತಾಯವಾಗಲಿ ಎಂದು ಹೊಂದಿಸಿದ್ದ. ಅರ್ಧಕ್ಕರ್ಧ ಯಾರು ಯಾರೋ ಕಳಿಸಿದ ಶುಭೋದಯದ ಹೂಗುಚ್ಛಗಳು, ಉಳಿದವು ತೀರಿಹೋದ ಅಪ್ಪನವು, ತೋಟದವು, ಮದುವೆ ಮುಂಜಿಯವು. ಪಟ್ಟಣದಲ್ಲಾಗಿದ್ದರೆ ಒಂದೆರಡು ದಿನದಲ್ಲಿ ಈ ಕೆಲಸ ಮುಗಿಯುತ್ತಿತ್ತು. ಯಾವ ಹೊಸ ಫೋನಾದರೂ ಮೊದಲ ಕೆಲವು ದಿನ ಹೀಗೆ ಸಾಮಾನು ಜೋಡಿಸಿಕೊಳ್ಳುವುದರಲ್ಲಿ ಹೆಚ್ಚು ಚಾರ್ಜು ತಿನ್ನುವುದುಂಟು, ಅದಕ್ಕೆ ಗಾಬರಿಯಾಗಬೇಕಿಲ್ಲ. ಆದರೆ ಗುಡ್ಡಗಳ ನಡುವಿನ ಅಮ್ಮನ ಮನೆಯಲ್ಲಿ ಸಿಗ್ನಲ್ಲು ಒಂದು ಗೆರೆ, ಅದೂ ಉಪ್ಪರಿಗೆಯಲ್ಲಿ. ಒಂದು ಚಿತ್ರ ಅರ್ಧ ಹೋಗುವುದು, ನಿಲ್ಲುವುದು, ಮತ್ತೆ ಮೊದಲಿನಿಂದ ಹೊರಡುವುದು. ಎರಡು ತಿಂಗಳಾದರೂ ಅದು ಮುಗಿದಿರಲಿಲ್ಲ.

ನೆಟ್‌ವರ್ಕಿನ ಕಥೆಯೂ ಇದರ ತಂಗಿಯೇ. ಟವರು ಹತ್ತಿರವಿದ್ದರೆ ಫೋನು ಪಿಸುಮಾತಿನಲ್ಲಿ ಮಾತನಾಡುತ್ತದೆ, ದೂರವಿದ್ದರೆ ಕೂಗಬೇಕಾಗುತ್ತದೆ. ನಾವು ತೋಟದ ಆಚೆಗಿರುವವರನ್ನು ಕೂಗಿ ಕರೆದಂತೆ. ಕೂಗಿಗೆ ಉಸಿರು ಹೆಚ್ಚು ಬೇಕು. ಜತೆಗೆ ಈ ಹೊಸ ಫೋನು ಆ ಊರಿಗೆ ಬಾರದ 5ಜಿಯನ್ನು ಹಗಲೂ ರಾತ್ರಿ ಹುಡುಕುತ್ತಿತ್ತು.

ಚಿತ್ರಗಳು ವೈಫೈ ಸಿಕ್ಕಾಗ ಮಾತ್ರ ಹೋಗಲಿ ಎಂದು ಬದಲಾಯಿಸಿದೆ. 5ಜಿಯನ್ನು ಬಿಟ್ಟು 4ಜಿಗೆ ನಿಲ್ಲಿಸಿದೆ. ಇರುವ ಜಾಗವನ್ನು ಸದಾ ಗುರುತು ಹಿಡಿಯುವ ಲೊಕೇಶನ್ನನ್ನು ಬೇಡದ ಆಪ್‌ಗಳಿಗೆ ನಿಲ್ಲಿಸಿದೆ, ಪರದೆಯ ಬೆಳಕನ್ನು ತಗ್ಗಿಸಿದೆ. ದಿನಕ್ಕೊಂದೇ ಬದಲಾವಣೆ, ಪ್ರತಿಯೊಂದಕ್ಕೂ ಪುಸ್ತಕದಲ್ಲಿ ಒಂದು ಸಾಲು. ಐದನೆಯ ದಿನ ರಾತ್ರಿ ಎಂಟಕ್ಕೆ ಇನ್ನೂ 61 ಉಳಿದಿತ್ತು.

ಹಾಗಾದರೆ ಅಂಗಡಿಯ ಹುಡುಗನ ಎಂಟು ಗಂಟೆಯ ಮಾತು? ಅದೂ ಇತಿಹಾಸವೇ. 1899ರಲ್ಲಿ ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ ಎಂಬಾತ ನಿಕ್ಕಲ್ ಮತ್ತು ಕ್ಯಾಡ್ಮಿಯಂ ಬಳಸಿ ಮತ್ತೆ ಮತ್ತೆ ತುಂಬಬಹುದಾದ ಬ್ಯಾಟರಿಯನ್ನು ಮಾಡಿದ. ಮೊದಲ ಕಾಲದ ಮೊಬೈಲುಗಳಲ್ಲಿದ್ದವು ಇಂಥ ನಿಕ್ಕಲ್ ಬ್ಯಾಟರಿಗಳೇ. 1973ರ ಏಪ್ರಿಲ್ 3ರಂದು ನ್ಯೂಯಾರ್ಕಿನ ಬೀದಿಯಲ್ಲಿ ಮಾರ್ಟಿನ್ ಕೂಪರ್ ಕೈಯಲ್ಲಿ ಹಿಡಿದು ಮಾತನಾಡಿದ ಮೊದಲ ಮೊಬೈಲು ಒಂದು ಕಿಲೋಗಿಂತ ಹೆಚ್ಚು ತೂಗುತ್ತಿತ್ತು. ಹತ್ತು ಗಂಟೆ ಚಾರ್ಜು ಮಾಡಿದರೆ ಅರ್ಧ ಗಂಟೆಯ ಆಸುಪಾಸು ಮಾತು. 1995ರ ಜುಲೈ 31ರಂದು ಕಲ್ಕತ್ತೆಯಿಂದ ಜ್ಯೋತಿ ಬಸು ಅವರು ದೆಹಲಿಯ ಸುಖ್‌ರಾಮ್ ಅವರೊಡನೆ ಮಾತನಾಡಿ ನಮ್ಮ ದೇಶದಲ್ಲಿ ಮೊಬೈಲು ಶುರುವಾಯಿತು. ನಿಕ್ಕಲ್ ಬ್ಯಾಟರಿಗೆ ಮೊದಲ ಸಲ ದೀರ್ಘಕಾಲ ತುಂಬಬೇಕಿತ್ತು, ಆಗಾಗ ಪೂರ್ತಿ ಖಾಲಿಮಾಡಿ ತುಂಬಬೇಕಿತ್ತು. ಆ ಬ್ಯಾಟರಿಗಳು ಹೋದರೂ ಬುದ್ಧಿವಾದ ಮಾತ್ರ ಉಳಿದುಕೊಂಡಿತು.

ಈಗಿನದು ಲಿಥಿಯಂ. ಲೋಹಗಳಲ್ಲೆಲ್ಲ ಹಗುರವಾದದ್ದು, ಆದರೆ ಬೆಂಕಿಯ ಸ್ವಭಾವದ್ದು. 1970ರ ದಶಕದಲ್ಲಿ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಅದನ್ನು ಬ್ಯಾಟರಿಗೆ ತಂದರು, 1980ರಲ್ಲಿ ಜಾನ್ ಗುಡೆನಫ್ ಕೋಬಾಲ್ಟ್ ಆಕ್ಸೈಡಿನಿಂದ ಅದರ ಶಕ್ತಿಯನ್ನು ಹೆಚ್ಚಿಸಿದರು, 1985ರಲ್ಲಿ ಜಪಾನಿನ ಅಕಿರಾ ಯೋಶಿನೋ ಅಪಾಯದ ಶುದ್ಧ ಲೋಹವನ್ನು ತೆಗೆದು ಇಂಗಾಲದ ಪದಾರ್ಥವನ್ನಿಟ್ಟರು. 1991ರಲ್ಲಿ ಸೋನಿ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು. ಮೂವರಿಗೂ 2019ರಲ್ಲಿ ನೊಬೆಲ್ ಬಂದಾಗ ಗುಡೆನಫ್ ಅವರಿಗೆ 97 ವರ್ಷ! ಈ ಬ್ಯಾಟರಿಗೆ ಎಂಟು ಗಂಟೆಯ ಶಾಸ್ತ್ರ ಬೇಕಿಲ್ಲ. ಪೂರ್ತಿ ಖಾಲಿ ಮಾಡುವುದೂ ಒಳ್ಳೆಯದಲ್ಲ. 20ಕ್ಕೂ 80ಕ್ಕೂ ನಡುವೆ ಇದ್ದರೆ ಅದಕ್ಕೆ ಹಿತ. ಎಲ್ಲಕ್ಕಿಂತ ದೊಡ್ಡ ಶತ್ರು ಕಾವು. ಅಪ್ಪನ ಸೆಲ್ಲನ್ನು ಎರಡು ದಿನ ಉಳಿಸುತ್ತಿದ್ದ ಬಿಸಿಲು ಇದರ ಆಯುಷ್ಯವನ್ನೇ ತಿನ್ನುತ್ತದೆ.

ಇದನ್ನೆಲ್ಲ ಅಮ್ಮನಿಗೆ ವಿವರಿಸಿದೆ. ನೋಟ್‌ಬುಕ್ಕಿನಲ್ಲಿ ವಿಡಿಯೋದ ಎದುರಿಗಿದ್ದ ನಾಲ್ಕು ಎಂಬ ಅಂಕಿಯನ್ನೂ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ನೋಡಿದರು. "ನಾ ನೋಡಿದ್ದು ಒಂದು ಭಜನೆ, ಒಂದು ಅಡುಗೆ ಅಷ್ಟೇ ಅಂತ ಹೇಳಬೇಕಂತಿದ್ದೆ" ಎಂದರು. "ಮತ್ತೆ ಹೇಳಲಿಲ್ಲ ಯಾಕಮ್ಮಾ?" ಎಂದೆ. "ನೀ ಕೇಳಲಿಲ್ಲವಲ್ಲೇ" ಎಂದರು.

ಮೂವತ್ತು ವರ್ಷ ಮಕ್ಕಳಿಗೆ ಕಾರಣ ಮತ್ತು ಪರಿಣಾಮ ಎಂದು ಎರಡು ಅಂಕಣ ಗೀಚಿ ಪಾಠ ಮಾಡಿದವಳು ನಾನು. ನನ್ನ ತಾಯಿಯ ವಿಷಯದಲ್ಲಿ ಮಾತ್ರ ವಿಚಾರಿಸದೆಯೇ ತೀರ್ಪು ಬರೆದಿದ್ದೆ. ತಪ್ಪಾಯಿತಮ್ಮ ಎಂದೆ. "ಇರಲಿ ಬಿಡು, ಕಾಲಿಗೆ ಎಣ್ಣೆ ಹಚ್ಚು ಬಾ" ಎಂದು ಅವರು ಪಾದ ಚಾಚಿದರು.

ಈಗ ಅಮ್ಮನ ಫೋನು ಹಗಲೆಲ್ಲ ಹಚ್ಚಿಯೇ ಇರುತ್ತದೆ. ಸೀರೆಯ ಬಟ್ಟೆಯಲ್ಲಿ ನಾನು ಹೊಲಿದುಕೊಟ್ಟ ಚೀಲದಲ್ಲಿ ಅದು ಅವರ ಕೊರಳಲ್ಲಿದ್ದು, ಬಚ್ಚಲಿಗೂ ಜತೆಯಲ್ಲೇ ಹೋಗುತ್ತದೆ. ರಾತ್ರಿ ಎಂಟಕ್ಕೆ ಅಮ್ಮನೇ ಉಪ್ಪರಿಗೆಗೆ ಹತ್ತಿ ಫೋನು ಮಾಡುತ್ತಾರೆ. ಕುಶಲ ಕೇಳುವ ಮೊದಲೇ, "ಇವತ್ತು ಅರವತ್ತಮೂರು ಉಂಟು ಕಣೇ" ಎಂದು ಲೆಕ್ಕ ಒಪ್ಪಿಸುತ್ತಾರೆ.