ಅಗಸ್ತ್ಯ ತೀರ್ಥದ ದಂಡೆಯಲ್ಲಿ ಒಂದು ಸಂಜೆಯ ನಡಿಗೆ

ಬಾದಾಮಿಗೆ ಬರುವ ಪ್ರವಾಸಿಗಳಲ್ಲಿ ಹೆಚ್ಚಿನವರು ಬೆಳಿಗ್ಗೆ ಬಸ್ಸಿಳಿದು, ಮೇಣಬಸದಿಗಳ ಮೆಟ್ಟಿಲು ಹತ್ತಿ ಇಳಿದು, ಮಧ್ಯಾಹ್ನದ ಊಟದ ಹೊತ್ತಿಗೆ ಪಟ್ಟದಕಲ್ಲಿನ ದಾರಿ ಹಿಡಿದಿರುತ್ತಾರೆ. ಅವರ ಪಾಲಿಗೆ ಬಾದಾಮಿಯೆಂದರೆ ನಾಲ್ಕು ಗುಹೆಗಳು, ಒಂದಿಷ್ಟು ಫೋಟೋಗಳು ಮತ್ತು ಮಂಗಗಳ ಕಾಟ. ಆದರೆ ಈ ಊರನ್ನು ಸಂಜೆಯ ಹೊತ್ತು, ಕಾಲ್ನಡಿಗೆಯಲ್ಲಿ, ಕೆರೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ನೋಡಬೇಕು. ಆಗ ಕಾಣುವ ಚರಿತ್ರೆ ಬೇರೆಯದೇ. ಅದರಲ್ಲಿ ರಾಜರ ಜತೆಗೆ ಊರೂ ಇರುತ್ತದೆ.

ಈಚೆಗೆ ನಾವು ನಾಲ್ಕಾರು ಗೆಳೆಯರು ಹಾಗೆ ನಡೆದೆವು. ನಮಗೆ ದಾರಿ ತೋರಿಸಲು ಸ್ಥಳೀಯ ಗೈಡ್ ಒಬ್ಬರು ಸಿಕ್ಕಿದರು. ಬಾದಾಮಿಯಲ್ಲೇ ಹುಟ್ಟಿ ಬೆಳೆದವರು. ಇಸವಿಗಳನ್ನು ಗಿಳಿಪಾಠದಂತೆ ಒಪ್ಪಿಸುವವರಲ್ಲ. "ಮೊದಲ ಬಸದಿ ನೋಡ್ರಿ ಸರ, ಆಮ್ಯಾಲೆ ಕೆರಿ ಸುತ್ತೋಣು. ಬಿಸಲು ಇಳದ ಮ್ಯಾಲೆ ಕಲ್ಲು ತಾನ ಮಾತಾಡ್ತೈತಿ" ಎಂದು ಹೊರಟರು. ಗುಹೆಗಳ ಬಾಗಿಲು ಸಂಜೆಗೆ ಮುಚ್ಚುವುದರಿಂದ ಅವನ್ನು ಮೊದಲು ಮುಗಿಸುವುದು ಅನಿವಾರ್ಯವೂ ಹೌದು.

ಮೊದಲ ಗುಹೆಯ ಹದಿನೆಂಟು ಕೈಗಳ ನಟರಾಜ, ಎರಡನೆಯದರ ತ್ರಿವಿಕ್ರಮ, ನಾಲ್ಕನೆಯದರ ಪಾರ್ಶ್ವನಾಥ ಮತ್ತು ಬಾಹುಬಲಿ ಎಲ್ಲರಿಗೂ ಗೊತ್ತಿರುವಂಥವು. ಶೈವ, ವೈಷ್ಣವ, ಜೈನ ಮೂರೂ ಒಂದೇ ಗುಡ್ಡದ ಹೊಟ್ಟೆಯಲ್ಲಿವೆ. ನಮ್ಮನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ಮೂರನೆಯ ಗುಹೆ. ಇದು ಕ್ರಿ.ಶ. 578ರಲ್ಲಿ ಪೂರ್ಣಗೊಂಡಿತೆಂದು ಅಲ್ಲಿಯ ಸಂಸ್ಕೃತ ಶಾಸನ ಹೇಳುತ್ತದೆ. ಇದನ್ನು ಮಾಡಿಸಿದವನು ಮಂಗಲೇಶ. ಆಗ ಅವನ ಅಣ್ಣ ಒಂದನೆಯ ಕೀರ್ತಿವರ್ಮ ರಾಜ್ಯವಾಳುತ್ತಿದ್ದ. ಸಂಸ್ಕೃತ ಶಾಸನದಷ್ಟು ಹೆಸರಾಗದ ಒಂದು ಪುಟ್ಟ ಕನ್ನಡ ಶಾಸನವೂ ಇಲ್ಲಿದೆ. ಅದು ಈ ಗುಹೆಯನ್ನು 'ಕಲ್ಮನೆ' ಎಂದು ಕರೆಯುತ್ತದೆ. ಕಲ್ಮನೆಗೆ ಒಂದು ಊರನ್ನು ಬಿಟ್ಟುಕೊಟ್ಟದ್ದನ್ನು ಹೇಳುತ್ತ, ದೇವರಿಗೆ ಹೂಮಾಲೆ ಕಟ್ಟುವವರ ಪಾಲನ್ನೂ ಅದು ದಾಖಲಿಸುತ್ತದೆ. ಸಂಸ್ಕೃತದಲ್ಲಿ ರಾಜವಂಶದ ಕೀರ್ತಿ, ಕನ್ನಡದಲ್ಲಿ ಮಾಲೆಗಾರರ ಪಾಲು! ಯಾರಿಗೆ ಯಾವ ಭಾಷೆಯಲ್ಲಿ ಏನು ಹೇಳಬೇಕೆಂಬ ತಿಳಿವಳಿಕೆ ಆ ಕಾಲಕ್ಕೇ ಇತ್ತೆಂದು ಕಾಣುತ್ತದೆ.

ಬಸದಿಯಿಂದ ಇಳಿದು ಬಂದರೆ ಗುಡ್ಡದ ಬುಡದಲ್ಲೇ ಮಸೀದಿ ಮತ್ತು ಗುಮ್ಮಟ. ಮಲಿಕ್ ಅಬ್ದುಲ್ ಅಜೀಜನದೆಂದು ಹೇಳುವ ಗೋರಿ ಇಲ್ಲಿದೆ. ಗುಹೆಗಳಿಗೆ ಹೋಗುವ ಪ್ರತಿಯೊಬ್ಬನೂ ಇದರ ಮಗ್ಗುಲಿಂದಲೇ ಹಾಯ್ದು ಹೋಗುತ್ತಾನೆ. ಆದರೂ ನಿಂತು ನೋಡುವವರು ಕಡಿಮೆ. ಟಿಕೆಟ್ಟಿನ ಚರಿತ್ರೆ ಆರನೆಯ ಶತಮಾನದಲ್ಲಿ ಶುರುವಾಗಿ ಎಂಟನೆಯ ಶತಮಾನಕ್ಕೆ ಮುಗಿದುಬಿಡುತ್ತದೆ. ಆಮೇಲಿನ ಸಾವಿರದ ಇನ್ನೂರು ವರ್ಷ ಬಾದಾಮಿಯಲ್ಲಿ ಜನ ಇರಲೇ ಇಲ್ಲವೇನೋ ಎಂಬಂತೆ. ಈ ಊರು ಚಾಲುಕ್ಯರ ಬಳಿಕ ರಾಷ್ಟ್ರಕೂಟರನ್ನು, ಕಲ್ಯಾಣದ ಚಾಲುಕ್ಯರನ್ನು, ವಿಜಯನಗರವನ್ನು, ಬಿಜಾಪುರದ ಆದಿಲಶಾಹಿಗಳನ್ನು, ಮೊಗಲರನ್ನು, ಸವಣೂರು ನವಾಬರನ್ನು, ಮರಾಠರನ್ನು, ಹೈದರ್ ಮತ್ತು ಟಿಪ್ಪುವನ್ನು, ಕೊನೆಗೆ ಇಂಗ್ಲಿಷರನ್ನು ಕಂಡಿದೆ. ಒಬ್ಬೊಬ್ಬರೂ ಒಂದೊಂದು ಕಲ್ಲನ್ನಾದರೂ ಕೂಡಿಸಿ ಹೋಗಿದ್ದಾರೆ.

ಊರಿನ ಹೆಸರಿಗೂ ಇಂಥದ್ದೇ ಒಂದು ಕತೆಯಿದೆ. ಬಂಡೆಗಳ ಬಣ್ಣ ಬಾದಾಮಿಯ ಹಾಗಿರುವುದರಿಂದ ಈ ಹೆಸರು ಬಂತೆಂದು ಹೇಳುವವರಿದ್ದಾರೆ. ಬಾದಾಮ್ ಎಂಬುದು ಪಾರಸಿ ಶಬ್ದ. ಕತೆ ಚೆಂದವಾಗಿದೆ, ಆದರೆ ಹೆಸರು ಅದಕ್ಕಿಂತ ಹಳೆಯದು. ಕನ್ನಡ ಶಾಸನಗಳು ಇದನ್ನು 'ಬಾದಾವಿ' ಎಂದಿವೆ. ಎರಡನೆಯ ಶತಮಾನದ ಗ್ರೀಕ್ ಭೂಗೋಳಕಾರ ಟಾಲೆಮಿ ಬರೆದ 'ಬದಿಯಮೈ' ಇದೇ ಎಂದು ವಿದ್ವಾಂಸರು ಗುರುತಿಸುತ್ತಾರೆ. ಸಂಸ್ಕೃತದವರು ವಾತಾಪಿ ಎಂದರು. ಇಲ್ವಲ ಮತ್ತು ವಾತಾಪಿಯೆಂಬ ರಕ್ಕಸ ಸೋದರರ ಕತೆ, ವಾತಾಪಿಯನ್ನು ತಿಂದು ಅರಗಿಸಿಕೊಂಡ ಅಗಸ್ತ್ಯರ ಕತೆ ಬಂದು ಸೇರಿಕೊಂಡವು. ಕೆರೆಗೆ ಅಗಸ್ತ್ಯ ತೀರ್ಥವೆಂದು ಹೆಸರಾಯಿತು.

ಆ ಕೆರೆಯ ಏರಿಯ ಮೇಲೆ ನಾವು ಬಂದಾಗ ಬಿಸಿಲು ಹಳದಿಗೆ ತಿರುಗಿತ್ತು. ಕೆರೆಯ ತೆಂಕಣ ದಿಕ್ಕಿಗೆ ಬಸದಿಗಳ ಗುಡ್ಡ, ಬಡಗಣಕ್ಕೆ ಇನ್ನೊಂದು ಗುಡ್ಡ, ಎರಡರ ಮೇಲೂ ಕೋಟೆ. ಬಡಗಣ ಕೋಟೆಯನ್ನು ಹಿಂದಿನವರು ಬಾವನ್ ಬಂಡೆ ಕೋಟೆ, ಎಂದರೆ ಐವತ್ತೆರಡು ಬಂಡೆಗಳ ಕೋಟೆ ಎಂದರು. ತೆಂಕಣದ್ದು ರಣಮಂಡಲ ಕೋಟೆ. ಎರಡು ಗುಡ್ಡಗಳ ನಡುವೆ ಹರಿದು ಬರುವ ಮಳೆನೀರಿಗೆ ಪಡುವಣದಲ್ಲಿ ಒಡ್ಡು ಹಾಕಿದರೆ ಕೆರೆಯಾಯಿತು. ಕೆರೆಯ ಕೆಳಗೆ ಊರಾಯಿತು. ಮೆಟ್ಟಿಲುಗಳ ಉದ್ದಕ್ಕೂ ಹೆಣ್ಣುಮಕ್ಕಳು ಬಟ್ಟೆ ಒಗೆಯುತ್ತಿದ್ದರು. ಬಡಿಯುವ ಸದ್ದು ಎದುರಿನ ಬಂಡೆಗೆ ತಾಗಿ ಮರಳಿ ಬರುತ್ತಿತ್ತು. ಒಣಹಾಕಿದ ಇಳಕಲ್ ಸೀರೆಗಳ ಕೆಂಪು ಸೆರಗಿಗೂ ಹಿಂದಿನ ಮರಳುಗಲ್ಲಿಗೂ ಬಣ್ಣದಲ್ಲಿ ಅಂಥ ಫರಕಿರಲಿಲ್ಲ.

ಬಡಗಣ ಬಂಡೆಯೊಂದರ ಮೇಲೆ ಈ ಊರು ರಾಜಧಾನಿಯಾದ ದಾಖಲೆಯಿದೆ. ಶಕವರ್ಷ 465, ಎಂದರೆ ಕ್ರಿ.ಶ. 543ರ ಶಾಸನ. ಇದನ್ನು ಓದಿ ಪ್ರಕಟಿಸಿದವರು ಆರ್.ಎಸ್. ಪಂಚಮುಖಿ. ಒಂದನೆಯ ಪುಲಿಕೇಶಿಯು ವಾತಾಪಿ ಬೆಟ್ಟವನ್ನು ಮೇಲಿನಿಂದಲೂ ಕೆಳಗಿನಿಂದಲೂ ಗೆಲ್ಲಲಾಗದ ಕೋಟೆಯನ್ನಾಗಿ ಮಾಡಿದನೆಂಬುದು ಅದರ ಸಾರ. ಅವನ ಮೊಮ್ಮಗ ಇಮ್ಮಡಿ ಪುಲಿಕೇಶಿಯ ಕಾಲಕ್ಕೆ ಈ ಊರಿನ ಹೆಸರು ದೂರ ದೂರ ಮುಟ್ಟಿತು. ಹರ್ಷನನ್ನು ನರ್ಮದೆಯ ಆಚೆಗೇ ತಡೆದವನು ಇವನು. ಅದನ್ನು 634ರಲ್ಲಿ ಐಹೊಳೆಯ ಮೇಗುಟಿಯಲ್ಲಿ ಬರೆದಿಟ್ಟವನು ರವಿಕೀರ್ತಿ ಎಂಬ ಜೈನ ಕವಿ. ಬಗದಾದಿನಲ್ಲಿದ್ದ ಇತಿಹಾಸಕಾರ ತಬರಿ (ನಿಧನ 923) ಇರಾನಿನ ದೊರೆ ಖುಸ್ರೊ ಪರ್ವೇಜನಿಗೆ ಹಿಂದೂಸ್ತಾನದ ರಾಜನೊಬ್ಬನಿಂದ ಕಾಗದ, ಕಾಣಿಕೆಗಳು ಬಂದುದನ್ನು ಬರೆದಿದ್ದಾನೆ. ಆ ರಾಜ ಪುಲಿಕೇಶಿಯೇ ಇರಬೇಕೆಂದು ಹಲವು ವಿದ್ವಾಂಸರ ತರ್ಕ. 641ರ ಸುಮಾರಿಗೆ ಚೀನದ ಹ್ಯುಯೆನ್‌ತ್ಸಾಂಗ್ ಈ ರಾಜ್ಯಕ್ಕೆ ಬಂದು, ಇಲ್ಲಿಯ ಜನ ಉಪಕಾರ ಮರೆಯದವರು, ಅವಮಾನ ಸಹಿಸದವರು ಎಂದು ಬರೆದ.

ಅದರ ಮರುವರ್ಷವೇ, 642ರಲ್ಲಿ, ಗೆಲ್ಲಲಾಗದ ಕೋಟೆ ಬಿತ್ತು. ಕಂಚಿಯ ಪಲ್ಲವ ನರಸಿಂಹವರ್ಮ ಬಾದಾಮಿಯನ್ನು ಹಿಡಿದ. ಕೋಟೆ ಕಟ್ಟಿ ಸರಿಯಾಗಿ 99 ವರ್ಷವಾಗಿತ್ತು. ಗೆದ್ದ ಗುರುತಿಗೆ ಅವನು ಇಲ್ಲಿಯ ಬಂಡೆಯ ಮೇಲೆ ತನ್ನ ಶಾಸನ ಕೊರೆಸಿದ, 'ವಾತಾಪಿಕೊಂಡ' ಎಂದು ಬಿರುದು ಧರಿಸಿದ. ಪಲ್ಲವರ ದಂಡನಾಯಕ ಇಲ್ಲಿಂದ ಒಂದು ಗಣಪತಿಯನ್ನು ತಮಿಳುನಾಡಿಗೆ ಒಯ್ದನೆಂದು ಪ್ರತೀತಿ ಇದೆ. ಸಂಗೀತ ಕಛೇರಿಗಳಲ್ಲಿ ಹಾಡುವ ಮುತ್ತುಸ್ವಾಮಿ ದೀಕ್ಷಿತರ ಕೀರ್ತನೆಯ ವಾತಾಪಿ ಗಣಪತಿ ಅವನೇ. 655ರ ವೇಳೆಗೆ ಒಂದನೆಯ ವಿಕ್ರಮಾದಿತ್ಯ ಊರನ್ನು ಮರಳಿ ಪಡೆದ.

ಈ ಭಾಗ ಹೇಳುವಾಗ ನಮ್ಮ ಗೈಡ್ ಒಂದು ಮಾತಂದರು: "ಅವರೂ ಶಿವನ ಭಕ್ತರು, ಇವರೂ ಶಿವನ ಭಕ್ತರು. ಜಗಳ ಶಿವಂದಲ್ರಿ, ಸೀಮಿದು." ಚರಿತ್ರೆಯನ್ನು ಧರ್ಮಧರ್ಮಗಳ ಕಾಳಗವೆಂದು ಓದುವ ಅಭ್ಯಾಸ ನಮ್ಮಲ್ಲಿ ಬೆಳೆಯುತ್ತಿರುವ ಹೊತ್ತಿನಲ್ಲಿ ಈ ಮಾತಿಗೆ ತೂಕವಿದೆ. ಬಾದಾಮಿಯ ಮುಂದಿನ ಕಾಲವೂ ಇದನ್ನೇ ಹೇಳುತ್ತದೆ. 1786ರಲ್ಲಿ ಟಿಪ್ಪುವಿನ ವಶದಲ್ಲಿದ್ದ ಈ ಕೋಟೆಗೆ ಮುತ್ತಿಗೆ ಹಾಕಿದವರು ಮರಾಠರು ಮತ್ತು ಹೈದರಾಬಾದಿನ ನಿಜಾಮ, ಇಬ್ಬರೂ ಕೂಡಿ. 1818ರಲ್ಲಿ ಮನ್ರೋ ಇದನ್ನು ಇಂಗ್ಲಿಷರಿಗಾಗಿ ಗೆದ್ದ. 1840ರ ಸುಮಾರಿಗೆ ಇಂಗ್ಲಿಷರ ವಿರುದ್ಧ ಬಾದಾಮಿಯನ್ನು ಕೆಲಕಾಲ ವಶಪಡಿಸಿಕೊಂಡವನು ನರಸಿಂಹ ದತ್ತಾತ್ರೇಯ ಎಂಬ ಕುರುಡ ಬ್ರಾಹ್ಮಣ. ಅವನ ಬೆನ್ನಿಗಿದ್ದ ಪಡೆ ನಿಜಾಮನ ಸೀಮೆಯಿಂದ ಬಂದ ಅರಬರದು! ಹಿಂದೂ ಕಾಲ, ಮುಸ್ಲಿಂ ಕಾಲ ಎಂದು ಗೆರೆ ಎಳೆದು ಕೂತವರು ಈ ಕುರುಡನನ್ನೂ ಅವನ ಅರಬರನ್ನೂ ಯಾವ ಕಡೆಗೆ ಕೂರಿಸುತ್ತಾರೆ?

ಇದೇ ಜಿಲ್ಲೆಯ ಹುನಗುಂದ ಸೀಮೆಯ ಐಹೊಳೆಯಲ್ಲಿ ಒಂದು ಹಳೆಯ ಗುಡಿಗೆ ಲಾಡಖಾನ್ ಗುಡಿಯೆಂದೇ ಹೆಸರು. ಆ ಹೆಸರಿನ ಮುಸ್ಲಿಮನೊಬ್ಬ ಅಲ್ಲಿ ಕೆಲಕಾಲ ವಾಸವಾಗಿದ್ದನಂತೆ. ಚಾಲುಕ್ಯರ ಗುಡಿ ಅವನ ಮನೆಯಾಯಿತು, ಅವನ ಹೆಸರು ಗುಡಿಯದಾಯಿತು. ಈ ನೆಲದಲ್ಲಿ ಗುಡಿಗೂ ಮನೆಗೂ ನಡುವಿನ ಗೋಡೆ ತೀರ ತೆಳುವಾಗಿತ್ತು.

ಬಡಗಣ ದಂಡೆಗೆ ಹೋಗಲು ಊರ ಓಣಿಗಳನ್ನು ಹಾಯಬೇಕು. ಕಲ್ಲು ಮಣ್ಣಿನ ಗೋಡೆ, ಮಾಳಿಗೆ ಮನೆಗಳು, ಕಟ್ಟೆಯ ಮೇಲೆ ಕುಳಿತ ಮುದುಕರು, ಕಟ್ಟಿಹಾಕಿದ ಆಡುಗಳು. ಇವುಗಳ ನಡುವೆ ಇದ್ದಕ್ಕಿದ್ದಂತೆ ಒಂದು ಗುಡಿ. ಪೇಟೆಯ ಸಂದಿಯಲ್ಲಿರುವ ಜಂಬುಲಿಂಗ ಗುಡಿಯನ್ನು 699ರಲ್ಲಿ ಕಟ್ಟಿಸಿದವಳು ವಿಜಯಾದಿತ್ಯನ ತಾಯಿ ವಿನಯವತಿ. ಬ್ರಹ್ಮ, ವಿಷ್ಣು, ಮಹೇಶ್ವರ ಮೂವರಿಗೂ ಒಂದೊಂದು ಗರ್ಭಗುಡಿ. ಅದರ ಮಗ್ಗುಲಲ್ಲೇ ಒಲೆ ಉರಿಯುತ್ತದೆ, ರೊಟ್ಟಿ ಬಡಿಯುವ ಸದ್ದು ಕೇಳುತ್ತದೆ.

ಇಲ್ಲಿಯೇ ಇಂದಿನ ಬಾದಾಮಿಯ ಗಂಟು ಇರುವುದು. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಮೊದಲನೆಯದರಲ್ಲಿ ಹೊಸ ಕಟ್ಟಡ ಕೂಡದು, ದುರಸ್ತಿಗೂ ಅನುಮತಿ ಬೇಕು. ಓಣಿಗೊಂದು ಸ್ಮಾರಕವಿರುವ ಬಾದಾಮಿಯಲ್ಲಿ ಹಳೆಯ ಊರಿನ ಬಹುಭಾಗ ಈ ಅಳತೆಯೊಳಗೇ ಬರುತ್ತದೆ. ಮನೆಗಳನ್ನು ಬೇರೆಡೆಗೆ ಸಾಗಿಸಬೇಕೆಂಬ ಮಾತು ಆಗಾಗ ಏಳುತ್ತದೆ, ಆರುತ್ತದೆ. ಓಣಿಯ ಅಜ್ಜಿಯೊಬ್ಬರನ್ನು ಈ ಬಗ್ಗೆ ಕೇಳಿದೆವು. "ಗುಡಿ ಹಳೇದು ಖರೇ ಬಿಡ್ರಿ. ನಮ್ಮ ಮನೀನೂ ಏನ್ ನಿನ್ನಿ ಕಟ್ಟಿದ್ದಲ್ಲಲ್ಲ. ಸೋರ್ತೈತಿ ಅಂದ್ರ ಒಂದ ಕಲ್ಲ ಇಡಾಕ ಹತ್ತ ಕಾಗದ" ಎಂದರು.

ಕಾಯ್ದೆ ಬೇಡವೆಂದು ನಾವು ಹೇಳುವುದಿಲ್ಲ. ಅದಿಲ್ಲದಿದ್ದರೆ ಗುಡಿಗಳ ಎದುರು ನಾಲ್ಕಂತಸ್ತಿನ ಲಾಡ್ಜುಗಳು ಏಳುತ್ತಿದ್ದವು. ಆದರೆ ಬಾಗಲಕೋಟೆ ಜಿಲ್ಲೆಯವರಿಗೆ ಊರು ಬಿಡುವುದೆಂದರೆ ಏನೆಂದು ಯಾರೂ ಹೇಳಿಕೊಡಬೇಕಿಲ್ಲ. ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯ ಓಣಿಗಳನ್ನೇ ನುಂಗಿದೆ. ನವನಗರದ ಅಗಲ ರಸ್ತೆಗಳಲ್ಲಿ ಮನೆ ಸಿಕ್ಕಿತು. ಆದರೆ ನೆರೆಹೊರೆ, ಪೇಟೆ, ಕಟ್ಟೆಯ ಹರಟೆ ಅಷ್ಟು ಸಲೀಸಾಗಿ ಸಿಗಲಿಲ್ಲ. ನೀರಿಗಾಗಿ ಒಂದು ಊರು ಎದ್ದು ಹೋಯಿತು. ಚರಿತ್ರೆಗಾಗಿ ಇನ್ನೊಂದು ಊರು ಎದ್ದು ಹೋಗಬೇಕೆ? 2015ರಲ್ಲಿ ಕೇಂದ್ರ ಸರಕಾರ 'ಹೃದಯ್' ಎಂಬ ಪಾರಂಪರಿಕ ನಗರಗಳ ಯೋಜನೆ ತಂದಾಗ ದೇಶದ 12 ಊರುಗಳಲ್ಲಿ ಬಾದಾಮಿಯೂ ಒಂದಾಗಿತ್ತು. 2019ಕ್ಕೆ ಆ ಯೋಜನೆ ಮುಗಿಯಿತು. ದಾರಿ, ದೀಪಗಳಿಗೆ ಯೋಜನೆಗಳು ಬರುತ್ತವೆ, ಹೋಗುತ್ತವೆ. ಸೋರುವ ಮಾಳಿಗೆಯನ್ನು ಹಳೆಯ ರೀತಿಯಲ್ಲೇ ದುರಸ್ತಿ ಮಾಡಲು ನೆರವಾಗುವ, ಗುಡಿಯನ್ನೂ ಮನೆಯನ್ನೂ ಕೂಡಿಯೇ ಉಳಿಸುವ ಯೋಚನೆ ಬರಬೇಕಾಗಿದೆ.

ವಸ್ತುಸಂಗ್ರಹಾಲಯ, ಮಲ್ಲಿಕಾರ್ಜುನ ಗುಡಿಗಳ ಗುಂಪು ದಾಟಿ ಭೂತನಾಥಕ್ಕೆ ಬಂದಾಗ ಸೂರ್ಯ ಪಡುವಣದಲ್ಲಿ ಊರಿನ ಹಿಂದೆ ಇಳಿಯುತ್ತಿದ್ದ. ಆ ಬೆಳಕು ಕೆರೆಯನ್ನು ದಾಟಿ ಬಂದು ನೇರ ಈ ಗುಡಿಯ ಮೇಲೂ ಹಿಂದಿನ ಬಂಡೆಗಳ ಮೇಲೂ ಬೀಳುತ್ತದೆ. ನೀರಿನಲ್ಲಿ ಮೆಟ್ಟಿಲಿಳಿದು ನಿಂತ ಗುಡಿ ಕೆಂಡದ ಬಣ್ಣಕ್ಕೆ ತಿರುಗುತ್ತದೆ. ಇಲ್ಲಿಗೆ ಸಮೀಪದ ತಟ್ಟುಕೋಟೆಯ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನವಿದೆ. ಸುಮಾರು 700ರ ಕಾಲದ್ದು. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ತ್ರಿಪದಿಗಳು ಇದರಲ್ಲಿವೆ. ಒಳ್ಳೆಯವರಿಗೆ ಒಳ್ಳೆಯವನು, ಕೆಣಕಿದವರಿಗೆ ಕೇಡಿಗ ಎಂದು ಒಬ್ಬ ವೀರನನ್ನು ಬಣ್ಣಿಸುವ ಪದ್ಯಗಳವು. ಯಾವ ದೊಡ್ಡ ದೊರೆಯೂ ಅಲ್ಲದ ಈತ ನೂರಾರು ರಾಜರಿಗಿಂತ ಹೆಚ್ಚು ನೆನಪಿನಲ್ಲಿ ಉಳಿದಿದ್ದಾನೆ. ಉಳಿಸಿದ್ದು ಜನರ ಛಂದಸ್ಸು. ಇದೇ ತ್ರಿಪದಿಯಲ್ಲಿ ಆಮೇಲೆ ಸರ್ವಜ್ಞ ಹಾಡಿದ. ಇದೇ ತ್ರಿಪದಿಯಲ್ಲಿ ನಮ್ಮ ಹಳ್ಳಿಯ ಹೆಣ್ಣುಮಕ್ಕಳು ಬೀಸುವ ಕಲ್ಲಿನ ಮುಂದೆ ಕುಳಿತು ತವರನ್ನು ನೆನೆದರು. ಬಂಡೆಯ ಮೇಲಿನ ಅಕ್ಷರಕ್ಕೂ ಕೆರೆಯ ಮೆಟ್ಟಿಲ ಮೇಲಿನ ಹೆಣ್ಣುಮಕ್ಕಳಿಗೂ ಇರುವ ನಂಟು ಇದು. ಊರು ಖಾಲಿಯಾದರೆ ಮೊದಲು ಕಡಿಯುವುದು ಈ ನಂಟೇ.

ಆದ್ದರಿಂದ ಬಾದಾಮಿಯಲ್ಲಿ ಇಂಥ ನಡಿಗೆಗಳು ಹೆಚ್ಚಬೇಕು. ಅವುಗಳನ್ನು ನಡೆಸುವವರು ಈ ಓಣಿಗಳ ಹುಡುಗ ಹುಡುಗಿಯರೇ ಆಗಿರಬೇಕು. ಶಾಲೆಯ ಮಕ್ಕಳಿಗೆ ತಮ್ಮ ಕೆರೆಯ ದಂಡೆಯ ಶಾಸನ ಯಾವುದು, ಗುಮ್ಮಟ ಯಾರದು, ಒಡ್ಡಿನ ಕೆಲಸ ಏನು ಎಂಬುದು ಪಾಠವಾಗಬೇಕು. ಬಂದವರು ಒಂದು ರಾತ್ರಿ ಉಳಿದರೆ ರೊಟ್ಟಿ ಮಾರುವವರಿಗೂ ಟಾಂಗಾ, ಆಟೋದವರಿಗೂ ಗುಳೇದಗುಡ್ಡದ ಖಣ ಮಾರುವವರಿಗೂ ನಾಲ್ಕು ಕಾಸು ಸಿಗುತ್ತದೆ. ಸ್ಮಾರಕದಿಂದ ಅನ್ನ ಹುಟ್ಟುವುದಾದರೆ ಅದನ್ನು ಕಾಯುವವರಿಗೆ ಬೇರೆ ಬೋಧನೆ ಬೇಕಾಗುವುದಿಲ್ಲ.

ಹದಿನಾಲ್ಕು ಶತಮಾನದ ಹಿಂದೆ ಕಲ್ಮನೆಯ ಲೆಕ್ಕ ಬರೆಸುವಾಗ ಮಂಗಲೇಶ ಹೂ ಕಟ್ಟುವವರನ್ನು ಮರೆಯಲಿಲ್ಲ. ಈಗಿನ ಲೆಕ್ಕ ಬರೆಯುವವರೂ ಆ ಪುಟ್ಟ ಶಾಸನವನ್ನು ಒಮ್ಮೆ ಓದಿಕೊಂಡರೆ ಒಳ್ಳೆಯದು.